ಕರುಳು, ಆಹಾರ ಮತ್ತು ಮನಸ್ಸಿನ ಆರೋಗ್ಯ: ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ

ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಗಳಲ್ಲಿ ಕುಡಿಯುವ ನೀರು, ರಸ್ತೆ, ಚರಂಡಿ, ಬೀದಿದೀಪ ಮತ್ತು ಉದ್ಯೋಗ ಖಾತರಿ ಕಾಮಗಾರಿಗಳು ಪ್ರತಿ ಬಾರಿಯೂ ಚರ್ಚೆಗೆ ಬರುತ್ತವೆ. ಗ್ರಾಮಸ್ಥರ ಮನಸ್ಸಿನ ಆರೋಗ್ಯವು ಕಾರ್ಯಸೂಚಿಯಲ್ಲಿ ಕಾಣಿಸಿಕೊಳ್ಳುವುದು ವಿರಳ. ಯಾವುದೋ ಮನೆಯಲ್ಲಿ ಅನಾಹುತ ನಡೆದ ಮೇಲೆ ಮಾತ್ರ ಆ ವಿಷಯ ಕಟ್ಟೆಯ ಮೇಲೆ ಕೇಳಿಬರುತ್ತದೆ. ಆಗ ಮಾಡಬಹುದಾದದ್ದು ಬಹಳ ಉಳಿದಿರುವುದಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳಿಗೂ ಮನಸ್ಸಿನ ಸ್ಥಿತಿಗೂ ಸಂಬಂಧವಿದೆ ಎಂಬ ಮಾತು ವೃತ್ತಪತ್ರಿಕೆಗಳಲ್ಲಿ, ದೂರದರ್ಶನದಲ್ಲಿ ಮತ್ತು ಮೊಬೈಲ್ ಸಂದೇಶಗಳಲ್ಲಿ ಹರಿದಾಡುತ್ತಿದೆ. ಅದರಲ್ಲಿ ಸತ್ಯಾಂಶವಿದೆ, ಅತಿಶಯೋಕ್ತಿಯೂ ಇದೆ. ಇವೆರಡನ್ನು ಬೇರ್ಪಡಿಸಿ ತಿಳಿಯುವುದು, ಬಾದಾಮಿ ಸೀಮೆಯ ಊಟದ ಪದ್ಧತಿಯನ್ನು ಆ ಬೆಳಕಿನಲ್ಲಿ ನೋಡುವುದು ಮತ್ತು ಪಂಚಾಯತಿಯು ತನ್ನ ವ್ಯಾಪ್ತಿಯಲ್ಲಿ ಏನನ್ನು ಮಾಡಬಹುದೆಂದು ಗುರುತಿಸುವುದು ಈ ಪಾಠದ ಉದ್ದೇಶವಾಗಿದೆ. ಪಾಠದ ಸಾರವನ್ನು ಮೊದಲೇ ಹೇಳುವುದಾದರೆ: ಒಳ್ಳೆಯ ಆಹಾರವು ಮನಸ್ಸಿಗೆ ಆಸರೆಯಾಗುತ್ತದೆ, ಆದರೆ ಅದು ಚಿಕಿತ್ಸೆಗೆ ಬದಲಿಯಲ್ಲ. ಈ ಎರಡರಲ್ಲಿ ಯಾವುದನ್ನು ಮರೆತರೂ ಹಾನಿಯೇ.

1. ಹೊಟ್ಟೆಯ ಮಾತಿನಲ್ಲಿ ಮನಸ್ಸು

ಕನ್ನಡದ ನುಡಿಗಟ್ಟುಗಳು ಭಾವನೆಗಳನ್ನು ಹೆಚ್ಚಾಗಿ ಹೊಟ್ಟೆಯಲ್ಲಿಯೇ ಇರಿಸಿವೆ. ಮಗುವಿನ ಸಂಕಟ ಕಂಡ ತಾಯಿಯ ಕರುಳು ಚುರುಕ್ಕೆನ್ನುತ್ತದೆ. ನೆರೆಯವನ ಏಳಿಗೆಯನ್ನು ಸಹಿಸದವನಿಗೆ ಹೊಟ್ಟೆಯುರಿ. ಅನ್ಯರ ತಪ್ಪನ್ನು ಮನ್ನಿಸುವವನು ಅದನ್ನು ಹೊಟ್ಟೆಯಲ್ಲಿ ಹಾಕಿಕೊಳ್ಳುತ್ತಾನೆ. ತಾಯಿ-ಮಕ್ಕಳ ನಂಟನ್ನು ಕರುಳಬಳ್ಳಿ ಎನ್ನುತ್ತೇವೆ.

ನುಡಿಗಟ್ಟು ವಿಜ್ಞಾನದ ಸಾಕ್ಷ್ಯವಾಗಲಾರದು. ಆದರೂ ಒಂದು ಪ್ರಾಯೋಗಿಕ ಸಂಗತಿಯನ್ನು ಅದು ಸೂಚಿಸುತ್ತದೆ. ಮನಸ್ಸು ಕುಗ್ಗಿದವರು ಆಸ್ಪತ್ರೆಗೆ ಬಂದು "ನನಗೆ ಖಿನ್ನತೆ ಇದೆ" ಎಂದು ಹೇಳುವುದು ಅಪರೂಪ. "ಹೊಟ್ಟೆ ಉರಿಯುತ್ತದೆ, ಊಟ ಸೇರುವುದಿಲ್ಲ, ಗ್ಯಾಸ್ ತುಂಬಿದಂತಾಗಿದೆ, ಮೈಕೈ ಸೋಲುತ್ತದೆ, ನಿದ್ದೆ ಹತ್ತುವುದಿಲ್ಲ" ಎಂದೇ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಹೊಟ್ಟೆಯ ತೊಂದರೆ ನಿಜವಾಗಿಯೂ ಇರುತ್ತದೆ. ತಿಂಗಳುಗಟ್ಟಲೆ ಗ್ಯಾಸ್ ಮಾತ್ರೆ ನುಂಗಿದರೂ ಗುಣವಾಗದಿದ್ದಾಗ ತೊಂದರೆಯ ಇನ್ನೊಂದು ತುದಿ ಎಲ್ಲಿದೆ ಎಂದು ಯಾರಾದರೂ ಕೇಳಬೇಕಾಗುತ್ತದೆ. ಆ ಪ್ರಶ್ನೆಯನ್ನು ಕೇಳದೇ ಉಳಿದ ಮನೆಗಳು ಪ್ರತಿ ಗ್ರಾಮದಲ್ಲಿಯೂ ಇವೆ.

2. ಕರುಳಿನೊಳಗಿನ ಜೀವಿಗಳು

ಮನುಷ್ಯನ ದೇಹದಲ್ಲಿ, ಮುಖ್ಯವಾಗಿ ದೊಡ್ಡ ಕರುಳಿನಲ್ಲಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. 2016ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ ಒಬ್ಬ ವಯಸ್ಕನ ದೇಹದಲ್ಲಿ ಅವುಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿ. ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಇಷ್ಟು ಸಂಖ್ಯೆಯಿದ್ದರೂ ಅವುಗಳ ಒಟ್ಟು ತೂಕ ಸುಮಾರು 200 ಗ್ರಾಂ ಮಾತ್ರ.

ಇವುಗಳಲ್ಲಿ ಬಹುಪಾಲು ರೋಗಕಾರಕಗಳಲ್ಲ. ನಮ್ಮ ಜಠರ ಮತ್ತು ಸಣ್ಣ ಕರುಳು ಅರಗಿಸಲಾರದ ನಾರಿನಂಶವನ್ನು ಅವು ಒಡೆಯುತ್ತವೆ, ಕೆಲವು ಜೀವಸತ್ವಗಳನ್ನು ತಯಾರಿಸುತ್ತವೆ, ಹೊರಗಿನಿಂದ ಬಂದ ಹಾನಿಕರ ಜೀವಿಗಳಿಗೆ ಸ್ಥಳ ಸಿಗದಂತೆ ತಡೆಯುತ್ತವೆ. ಕೆರೆಯಲ್ಲಿ ಯಾವ ಜೀವಿಗಳು ಬೆಳೆಯುತ್ತವೆ ಎಂಬುದನ್ನು ಅದಕ್ಕೆ ಹರಿದುಬರುವ ನೀರು ನಿರ್ಧರಿಸುತ್ತದೆ. ಊರಿನ ಚರಂಡಿ ಸೇರಿದ ಕೆರೆಯೇ ಬೇರೆ, ಮಹಾಕೂಟದ ಪುಷ್ಕರಿಣಿಯಂತೆ ಸದಾ ಒರತೆಯ ನೀರು ಬಂದು ಹೋಗುವ ಹೊಂಡವೇ ಬೇರೆ. ಕರುಳಿನ ವಿಷಯದಲ್ಲಿಯೂ ಹೀಗೆಯೇ: ಪ್ರತಿದಿನ ಒಳಗೆ ಹೋಗುವ ಆಹಾರವು ಅಲ್ಲಿ ಯಾವ ಜೀವಿಗಳು ಉಳಿಯಬೇಕು, ಯಾವುವು ಕ್ಷೀಣಿಸಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಜನನದ ರೀತಿ, ತಾಯಿಯ ಎದೆಹಾಲು, ವಯಸ್ಸು, ಸೋಂಕು ಮತ್ತು ಔಷಧಗಳ ಪಾತ್ರವೂ ಇದರಲ್ಲಿದೆ.

3. ಕರುಳಿನಿಂದ ಮಿದುಳಿಗೆ ಇರುವ ದಾರಿಗಳು

ಕರುಳಿಗೂ ಮಿದುಳಿಗೂ ಮುಖ್ಯವಾಗಿ ಮೂರು ದಾರಿಗಳಲ್ಲಿ ಸಂಪರ್ಕವಿದೆ.

ಮೊದಲನೆಯದು ನರದ ದಾರಿ. ಅನ್ನನಾಳದಿಂದ ಗುದದ್ವಾರದವರೆಗೆ ಜೀರ್ಣಾಂಗದ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳ ಜಾಲವಿದೆ. ಈ ಜಾಲವನ್ನು ಮಿದುಳಿನೊಂದಿಗೆ ಜೋಡಿಸುವುದು ವೇಗಸ್ ಎಂಬ ಉದ್ದವಾದ ನರ. ಮಿದುಳೇ ಹೊಟ್ಟೆಗೆ ಆಜ್ಞೆ ನೀಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ವಾಸ್ತವದಲ್ಲಿ ಈ ನರದ ಎಳೆಗಳಲ್ಲಿ ಹೆಚ್ಚಿನವು, ಸುಮಾರು ಶೇಕಡಾ 80ರಷ್ಟು, ಕೆಳಗಿನಿಂದ ಮೇಲಕ್ಕೆ ಸುದ್ದಿ ಒಯ್ಯುತ್ತವೆ. ಮೇಲ್ಮಟ್ಟದ ನೀರಿನ ತೊಟ್ಟಿಯಲ್ಲಿ ಮಟ್ಟ ಎಷ್ಟಿದೆ ಎಂದು ಪಂಪ್‌ಹೌಸಿಗೆ ತಿಳಿಸುವ ತಂತಿಯಂತೆ ಈ ಎಳೆಗಳು ಹೊಟ್ಟೆಯ ಸ್ಥಿತಿಯನ್ನು ಮಿದುಳಿಗೆ ನಿರಂತರವಾಗಿ ತಿಳಿಸುತ್ತಿರುತ್ತವೆ.

ಎರಡನೆಯದು ರಾಸಾಯನಿಕಗಳ ದಾರಿ. ನಾರಿನಂಶವನ್ನು ಒಡೆಯುವಾಗ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್, ಅಸಿಟೇಟ್, ಪ್ರೊಪಿಯೊನೇಟ್ ಎಂಬ ಕಿರು ಸರಪಳಿಯ ಕೊಬ್ಬಿನಾಮ್ಲಗಳನ್ನು ಬಿಡುಗಡೆ ಮಾಡುತ್ತವೆ. ಇವುಗಳಲ್ಲಿ ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಇಂಧನ. ನಾರಿಲ್ಲದ ಊಟವನ್ನೇ ಉಣ್ಣುತ್ತಿದ್ದರೆ ಈ ಇಂಧನದ ಪೂರೈಕೆ ಕುಗ್ಗುತ್ತದೆ.

ಮೂರನೆಯದು ರೋಗನಿರೋಧಕ ವ್ಯವಸ್ಥೆಯ ದಾರಿ. ಕರುಳಿನ ಒಳಪದರವು ದುರ್ಬಲವಾದರೆ ಬ್ಯಾಕ್ಟೀರಿಯಾಗಳ ತುಣುಕುಗಳು ರಕ್ತದ ಸಂಪರ್ಕಕ್ಕೆ ಬಂದು ದೇಹದಲ್ಲಿ ಸಣ್ಣ ಪ್ರಮಾಣದ, ಆದರೆ ಬಹುಕಾಲ ಮುಂದುವರಿಯುವ ಉರಿಯೂತ ಉಂಟಾಗಬಹುದು. ಖಿನ್ನತೆಯಿಂದ ಬಳಲುವವರಲ್ಲಿ ಒಂದು ಭಾಗದ ಜನರ ರಕ್ತದಲ್ಲಿ ಉರಿಯೂತದ ಸೂಚಕಗಳು ಹೆಚ್ಚಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕದ ಸುಮಾರು ಶೇಕಡಾ 90 ಭಾಗವು ಕರುಳಿನಲ್ಲಿಯೇ ತಯಾರಾಗುತ್ತದೆ. ಇದನ್ನೇ ಹಿಡಿದುಕೊಂಡು "ಹೊಟ್ಟೆಯಲ್ಲಿ ಸಂತೋಷ ತಯಾರಾಗುತ್ತದೆ" ಎಂಬ ಪ್ರಚಾರ ನಡೆಯುತ್ತದೆ. ಆದರೆ ಕರುಳಿನ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಅದರ ಮುಖ್ಯ ಕೆಲಸ ಕರುಳಿನ ಚಲನೆಯನ್ನು ನಡೆಸುವುದು. ಮಿದುಳು ತನಗೆ ಬೇಕಾದ ಸೆರೊಟೋನಿನ್ ಅನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಇಂಥ ಹಣ್ಣು ತಿಂದರೆ, ಇಂಥ ಪುಡಿ ಕುಡಿದರೆ ದುಃಖ ಮಾಯವಾಗುತ್ತದೆ ಎನ್ನುವ ಮಾರಾಟಗಾರರ ಮಾತಿಗೆ ಆಧಾರವಿಲ್ಲ.

4. ಸಂಶೋಧನೆಯಲ್ಲಿ ಸಿದ್ಧವಾದದ್ದು ಮತ್ತು ಸಿದ್ಧವಾಗದ್ದು

2004ರಲ್ಲಿ ಜಪಾನಿನ ಸಂಶೋಧಕರು ಬ್ಯಾಕ್ಟೀರಿಯಾಗಳೇ ಇಲ್ಲದಂತೆ ಬೆಳೆಸಿದ ಇಲಿಗಳನ್ನು ಪರೀಕ್ಷಿಸಿದರು. ಸಾಧಾರಣ ಇಲಿಗಳಿಗಿಂತ ಅವು ಒತ್ತಡಕ್ಕೆ ಹೆಚ್ಚು ತೀವ್ರವಾಗಿ ಪ್ರತಿಕ್ರಿಯಿಸಿದವು. ಎಳೆಯ ವಯಸ್ಸಿನಲ್ಲಿಯೇ ಒಂದು ಬಗೆಯ ಬ್ಯಾಕ್ಟೀರಿಯಾವನ್ನು ನೀಡಿದಾಗ ಆ ಪ್ರತಿಕ್ರಿಯೆ ಹತೋಟಿಗೆ ಬಂದಿತು. ಕರುಳಿನ ಜೀವಿಗಳಿಗೂ ಒತ್ತಡಕ್ಕೂ ಸಂಬಂಧವಿದೆ ಎಂಬ ವಿಚಾರಕ್ಕೆ ಇದು ಗಟ್ಟಿಯಾದ ಆರಂಭವಾಯಿತು.

2011ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಸಂಶೋಧಕರನ್ನು ಒಳಗೊಂಡ ತಂಡವೊಂದು ಲ್ಯಾಕ್ಟೋಬ್ಯಾಸಿಲಸ್ ಕುಲದ ಒಂದು ತಳಿಯನ್ನು ಇಲಿಗಳಿಗೆ ನೀಡಿತು. ಅವುಗಳ ಆತಂಕದ ವರ್ತನೆ ಕಡಿಮೆಯಾಯಿತು. ವೇಗಸ್ ನರವನ್ನು ಕತ್ತರಿಸಿದಾಗ ಆ ಪರಿಣಾಮ ಕಾಣಲಿಲ್ಲ. ಆದರೆ 2017ರಲ್ಲಿ ಅದೇ ತಳಿಯನ್ನು 29 ಮಂದಿ ಆರೋಗ್ಯವಂತ ಪುರುಷರಿಗೆ ನೀಡಿ ನೋಡಿದಾಗ ಒತ್ತಡದಲ್ಲಾಗಲಿ ಮನಃಸ್ಥಿತಿಯಲ್ಲಾಗಲಿ ಹುಸಿ ಮಾತ್ರೆಗಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಇಲಿಯಲ್ಲಿ ಸಿದ್ಧವಾದದ್ದು ಮನುಷ್ಯನಲ್ಲಿಯೂ ಸಿದ್ಧವಾಗಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

2019ರಲ್ಲಿ ಬೆಲ್ಜಿಯಂ ದೇಶದಲ್ಲಿ 1,054 ಜನರ ಮಲದ ಮಾದರಿಗಳನ್ನು ಪರೀಕ್ಷಿಸಲಾಯಿತು. ಖಿನ್ನತೆ ಇರುವವರಲ್ಲಿ ಕೊಪ್ರೊಕಾಕಸ್ ಮತ್ತು ಡಯಲಿಸ್ಟರ್ ಎಂಬ ಎರಡು ಬಗೆಯ ಬ್ಯಾಕ್ಟೀರಿಯಾಗಳು ಕಡಿಮೆ ಇದ್ದವು. ಬ್ಯಾಕ್ಟೀರಿಯಾ ಕಡಿಮೆಯಾದ್ದರಿಂದ ಖಿನ್ನತೆ ಬಂದಿತೇ, ಖಿನ್ನತೆಯಿಂದ ಊಟ ಕೆಟ್ಟು ಬ್ಯಾಕ್ಟೀರಿಯಾ ಕಡಿಮೆಯಾದವೇ ಎಂಬುದನ್ನು ಈ ಬಗೆಯ ಅಧ್ಯಯನವು ಹೇಳಲಾರದು.

ಆಹಾರದ ವಿಷಯದಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವು ಮುಖ್ಯವಾದುದು. ಖಿನ್ನತೆಯಿಂದ ಬಳಲುತ್ತಿದ್ದ 67 ಜನರನ್ನು ಎರಡು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ 12 ವಾರಗಳ ಕಾಲ ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಮೀನು, ಬೀಜಗಳಿಂದ ಕೂಡಿದ ಊಟಕ್ಕೆ ಬದಲಾಗಲು ಆಹಾರತಜ್ಞರ ಸಹಾಯ ದೊರೆಯಿತು. ಇನ್ನೊಂದು ಗುಂಪಿಗೆ ಅಷ್ಟೇ ಸಮಯ ಸ್ನೇಹಪೂರ್ವಕ ಮಾತುಕತೆಯ ಜೊತೆ ದೊರೆಯಿತು. ಕೊನೆಯಲ್ಲಿ ಮೊದಲ ಗುಂಪಿನ ಶೇಕಡಾ 32 ಜನ ಖಿನ್ನತೆಯ ಲಕ್ಷಣಗಳಿಂದ ಹೊರಬಂದಿದ್ದರು; ಎರಡನೆಯ ಗುಂಪಿನಲ್ಲಿ ಈ ಪ್ರಮಾಣ ಶೇಕಡಾ 8. ಇಲ್ಲಿ ಎರಡು ಅಂಶಗಳನ್ನು ಮರೆಯಬಾರದು. ಪ್ರಯೋಗವು ಚಿಕ್ಕದು. ಭಾಗವಹಿಸಿದವರಲ್ಲಿ ಹೆಚ್ಚಿನವರು ತಮ್ಮ ಔಷಧ ಅಥವಾ ಆಪ್ತಸಮಾಲೋಚನೆಯನ್ನು ಮುಂದುವರಿಸಿಕೊಂಡೇ ಊಟವನ್ನು ಸುಧಾರಿಸಿಕೊಂಡರು.

ಇವೆಲ್ಲವನ್ನು ಒಟ್ಟುಗೂಡಿಸಿ ಹೇಳುವುದಾದರೆ: ಕರುಳು ಮತ್ತು ಮಿದುಳಿನ ಸಂಪರ್ಕ ನಿಶ್ಚಿತ. ಒಳ್ಳೆಯ ಒಟ್ಟಾರೆ ಊಟವು ಮನಸ್ಸಿಗೆ ಸಹಾಯಕ ಎಂಬುದಕ್ಕೆ ತಕ್ಕಮಟ್ಟಿನ ಆಧಾರವಿದೆ. ಇಂಥದೇ ಬ್ಯಾಕ್ಟೀರಿಯಾದ ಮಾತ್ರೆಯು ಖಿನ್ನತೆಯನ್ನು ಗುಣಪಡಿಸುತ್ತದೆ ಎಂಬುದು ಇನ್ನೂ ಸಿದ್ಧವಾಗಿಲ್ಲ.

5. ಮಹಾಕೂಟದ ಬುತ್ತಿ

ಮಹಾಕೂಟ ಮತ್ತು ಬನಶಂಕರಿ ದೇವಸ್ಥಾನಗಳ ಆವರಣದಲ್ಲಿ ಸುತ್ತಲಿನ ಹಳ್ಳಿಗಳ ತಾಯಂದಿರು ಬುಟ್ಟಿಯಲ್ಲಿ ರೊಟ್ಟಿ ಹೊತ್ತು ತಂದು ಭಕ್ತರಿಗೆ ಊಟ ಬಡಿಸುವುದನ್ನು ಎಲ್ಲರೂ ಬಲ್ಲರು. ಜೋಳದ ಅಥವಾ ಸಜ್ಜೆಯ ರೊಟ್ಟಿ, ಕಾಳಿನ ಪಲ್ಯ, ಪುಂಡಿಪಲ್ಯ, ಶೇಂಗಾ ಚಟ್ನಿ, ಅಗಸಿ ಅಥವಾ ಗುರೆಳ್ಳಿನ ಹಿಂಡಿ, ಹಸಿ ಉಳ್ಳಾಗಡ್ಡಿ, ಜೊತೆಗೆ ಗಡಿಗೆಯ ಮೊಸರು. ಈ ಊಟವನ್ನು ಬಡವರ ಊಟವೆಂದು ಕಾಣುವವರೂ ಇದ್ದಾರೆ. ಮೇಲೆ ಹೇಳಿದ ವಿಷಯಗಳನ್ನು ಇದಕ್ಕೆ ಅನ್ವಯಿಸಿ ನೋಡಬೇಕು.

ಮೊದಲನೆಯದಾಗಿ ನಾರಿನಂಶ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಪಟ್ಟಿಯಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ಸಜ್ಜೆಯಲ್ಲಿ ಸುಮಾರು 11 ಗ್ರಾಂ, ಇಡೀ ಹೆಸರುಕಾಳಿನಲ್ಲಿ ಸುಮಾರು 17 ಗ್ರಾಂ ನಾರಿನಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿಯೂ ಮೈದಾ ಹಿಟ್ಟಿನಲ್ಲಿಯೂ ಇರುವುದು ಸುಮಾರು 3 ಗ್ರಾಂ ಮಾತ್ರ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಿಗೆ ಮುಟ್ಟುವ ಆಹಾರವೆಂದರೆ ಈ ನಾರು. ಅನ್ನ ಮತ್ತು ಮೈದಾ ಪದಾರ್ಥಗಳಲ್ಲಿ ಮನುಷ್ಯನ ಹೊಟ್ಟೆ ತುಂಬಿದರೂ ಅವುಗಳ ಪಾಲಿಗೆ ಉಳಿಯುವುದು ಅತ್ಯಲ್ಪ.

ಎರಡನೆಯದಾಗಿ ವೈವಿಧ್ಯ. 2018ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ವಾರಕ್ಕೆ 30ಕ್ಕಿಂತ ಹೆಚ್ಚು ಬಗೆಯ ಸಸ್ಯಾಹಾರಗಳನ್ನು ತಿನ್ನುವವರ ಕರುಳಿನಲ್ಲಿ, 10 ಅಥವಾ ಅದಕ್ಕಿಂತ ಕಡಿಮೆ ಬಗೆಗಳನ್ನು ತಿನ್ನುವವರಿಗಿಂತ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳು ಕಂಡುಬಂದವು. 30 ಎಂಬ ಸಂಖ್ಯೆ ಕೇಳಿದರೆ ದೊಡ್ಡದೆನಿಸಬಹುದು. ಜೋಳ, ಸಜ್ಜೆ, ಗೋಧಿ, ಅಕ್ಕಿ; ಹೆಸರು, ಮಡಕಿ, ಅಲಸಂದಿ, ತೊಗರಿ, ಕಡಲೆ; ಪುಂಡಿ, ಮೆಂತ್ಯ, ರಾಜಗಿರಿ, ಪಾಲಕ, ಹಕ್ಕರಕಿ; ಬದನೆ, ಹೀರೆ, ಚವಳಿ, ಸೌತೆ, ಮೂಲಂಗಿ, ಗಜ್ಜರಿ, ನುಗ್ಗೆ; ಶೇಂಗಾ, ಅಗಸಿ, ಗುರೆಳ್ಳು, ಎಳ್ಳು; ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕರಿಬೇವು, ಕೊತ್ತಂಬರಿ; ಬಾಳೆ, ಪೇರಲ. ಇಷ್ಟಕ್ಕೇ 31 ಆಯಿತು. ಶಾಕಾಂಬರಿ ಎಂದು ಕರೆಯಲ್ಪಡುವ ಬನಶಂಕರಿಗೆ ಪಲ್ಲೇದ ಹಬ್ಬದಂದು 108 ಬಗೆಯ ಪಲ್ಯಗಳ ನೈವೇದ್ಯ ಸಲ್ಲುತ್ತದೆ. ದೇವಿಗೆ ವರ್ಷಕ್ಕೊಮ್ಮೆ 108 ಬಗೆ ಸಲ್ಲಿಸುವ ಸೀಮೆಯಲ್ಲಿ ಮನೆಯ ಮಗುವಿಗೆ ವಾರಕ್ಕೆ 30 ಬಗೆ ಒದಗಿಸುವುದು ಅಸಾಧ್ಯವಾಗಬಾರದು.

ಮೂರನೆಯದಾಗಿ ಹುದುಗಿಸಿದ ಆಹಾರ. 2021ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವು 36 ವಯಸ್ಕರ ಮೇಲೆ ನಡೆಸಿದ ಪ್ರಯೋಗದಲ್ಲಿ, 10 ವಾರಗಳ ಕಾಲ ಮೊಸರಿನಂತಹ ಹುದುಗಿಸಿದ ಆಹಾರಗಳನ್ನು ಹೆಚ್ಚಾಗಿ ಸೇವಿಸಿದವರಲ್ಲಿ ಕರುಳಿನ ಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ಇಳಿದವು. ಮನೆಯ ಮೊಸರು ಮತ್ತು ಮಜ್ಜಿಗೆ ಇದೇ ವರ್ಗದವು. ಕುದಿಸಿದರೆ ಜೀವಂತ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದ್ದರಿಂದ ಕುದಿಸಿದ ಮಜ್ಜಿಗೆ ಸಾರಿಗೂ ಹಸಿ ಮಜ್ಜಿಗೆಗೂ ಈ ದೃಷ್ಟಿಯಿಂದ ವ್ಯತ್ಯಾಸವಿದೆ. ಎಣ್ಣೆ ಮತ್ತು ಉಪ್ಪಿನಲ್ಲಿ ಮುಳುಗಿದ ಉಪ್ಪಿನಕಾಯಿಯನ್ನು ಇದೇ ಸಾಲಿಗೆ ಸೇರಿಸಿ ಹೆಚ್ಚು ತಿನ್ನುವುದು ಸರಿಯಲ್ಲ. ದಿನದ ಉಪ್ಪು ಒಟ್ಟು 5 ಗ್ರಾಂ ಮೀರಬಾರದು.

ಈ ಊಟದಲ್ಲಿ ಕೊರತೆಯೂ ಇರಬಹುದು. ವಿಟಮಿನ್ ಬಿ12 ಸಸ್ಯಾಹಾರದಲ್ಲಿ ದೊರೆಯುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನುಗಳಲ್ಲಿ ಮಾತ್ರ ದೊರೆಯುತ್ತದೆ. ಅದರ ಕೊರತೆಯಿಂದ ಆಯಾಸ, ಮರೆವು, ಮನಸ್ಸಿನ ಕುಗ್ಗುವಿಕೆ ಉಂಟಾಗಬಹುದು. ಮಾರಲೆಂದು ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯವರಿಗೆ ಕರಿಚಹಾ ಉಳಿಸುವ ಮನೆಗಳು ಇದನ್ನು ಗಮನಿಸಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವ ಗೃಹಿಣಿಯ ಸುಸ್ತು ಮತ್ತು ಬೇಸರವನ್ನು ಅವಳ ಸ್ವಭಾವವೆಂದು ತಳ್ಳಿಹಾಕುವ ಮೊದಲು ರಕ್ತಪರೀಕ್ಷೆ ಮಾಡಿಸುವುದು ಯೋಗ್ಯ.

6. ತಟ್ಟೆ ಬದಲಾದ ಬಗೆ

ಪಡಿತರದ ಅಕ್ಕಿಯು ಹಸಿವನ್ನು ತಡೆದಿದೆ. ಅದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಅಕ್ಕಿ ಸುಲಭವಾದಂತೆ ಎರಡು ಹೊತ್ತಿನ ರೊಟ್ಟಿ ಒಂದು ಹೊತ್ತಿಗೆ ಇಳಿದ ಮನೆಗಳು ಅನೇಕ. ನೀರಾವರಿ ಬಂದ ಕಡೆ ಕಬ್ಬು ಬಂದಿತು. ಜೋಳದ ಹೊಲದಲ್ಲಿ ಅಕ್ಕಡಿಯಾಗಿ ಬೆಳೆಯುತ್ತಿದ್ದ ಕಾಳುಗಳೂ, ಬದುವಿನ ಸೊಪ್ಪುಗಳೂ ಹಿಂದೆ ಸರಿದವು. ಗೋವಾ, ಮಂಗಳೂರು, ಬೆಂಗಳೂರುಗಳಿಗೆ ದುಡಿಯಲು ಹೋಗುವ ಕುಟುಂಬಗಳು ಶೆಡ್ಡಿನಲ್ಲಿ ಬೇಗ ಬೇಯುವುದನ್ನೇ ಬೇಯಿಸಿಕೊಳ್ಳುತ್ತವೆ. 2019ರ ಆಗಸ್ಟ್ ತಿಂಗಳ ಮಲಪ್ರಭೆಯ ಪ್ರವಾಹದಲ್ಲಿ ನದಿದಂಡೆಯ ಮನೆಗಳು ಹಗೆ-ಕಣಜದ ಕಾಳನ್ನೂ ಮನೆಯವರ ನೆಮ್ಮದಿಯನ್ನೂ ಒಟ್ಟಿಗೆ ಕಳೆದುಕೊಂಡವು.

ಇದರ ಜೊತೆಗೆ ಶಾಲೆಯ ಬಾಗಿಲಿನ ಅಂಗಡಿಯಲ್ಲಿ 5 ರೂಪಾಯಿಯ ಕುರುಕಲು ಪೊಟ್ಟಣ ತೂಗಾಡುತ್ತದೆ. ಉಪ್ಪು, ಎಣ್ಣೆ, ಸಂಸ್ಕರಿಸಿದ ಪಿಷ್ಟ ಇವಿಷ್ಟೇ ಅದರಲ್ಲಿರುವುದು. ಕರುಳಿನ ಜೀವಿಗಳಿಗೆ ಅದರಿಂದ ಏನೂ ದೊರೆಯುವುದಿಲ್ಲ. ಮದ್ಯವು ಕರುಳಿನ ಒಳಪದರವನ್ನು ಕೆಡಿಸುತ್ತದೆ, ನಿದ್ದೆಯನ್ನು ಕೆಡಿಸುತ್ತದೆ, ಖಿನ್ನತೆಯನ್ನು ಹೆಚ್ಚಿಸುತ್ತದೆ. ವೈದ್ಯರ ಚೀಟಿಯಿಲ್ಲದೆ ನೆಗಡಿಗೆ ನುಂಗುವ ಆ್ಯಂಟಿಬಯೋಟಿಕ್ ಮಾತ್ರೆಯು ನೆಗಡಿಯ ವೈರಸ್ಸನ್ನು ಮುಟ್ಟುವುದಿಲ್ಲ. ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುತ್ತದೆ. ಅವು ಮರಳಿ ಬೆಳೆಯಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು.

7. ಆಹಾರವು ಚಿಕಿತ್ಸೆಗೆ ಬದಲಿಯಲ್ಲ

ಈ ಭಾಗವನ್ನು ಸದಸ್ಯರು ವಿಶೇಷವಾಗಿ ಗಮನಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 20 ವಯಸ್ಕರಲ್ಲಿ ಒಬ್ಬರು ಜೀವನದ ಯಾವುದಾದರೊಂದು ಘಟ್ಟದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಮಾನಸಿಕ ತೊಂದರೆ ಇರುವವರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆ ದೊರೆತಿರುವುದಿಲ್ಲ. 1,000 ವಯಸ್ಕರಿರುವ ಗ್ರಾಮದಲ್ಲಿ ಇದರ ಅರ್ಥವೇನೆಂದು ಸದಸ್ಯರೇ ಲೆಕ್ಕ ಹಾಕಬಹುದು.

ಬೆಳೆ ಕೈಕೊಟ್ಟು, ಸಾಲ ಕತ್ತಿಗೆ ಬಂದು, ನಿದ್ದೆಗೆಟ್ಟು ಕುಳಿತ ರೈತನಿಗೆ "ಮಜ್ಜಿಗೆ ಕುಡಿ, ಸರಿಹೋಗುತ್ತದೆ" ಎಂದು ಹೇಳಿ ಕಳುಹಿಸುವುದು ಅಪಾಯಕರ. ಔಷಧ ಸೇವಿಸುತ್ತಿರುವವರು ಆಹಾರಪದ್ಧತಿಯನ್ನು ನಂಬಿ ತಾವಾಗಿಯೇ ಮಾತ್ರೆ ನಿಲ್ಲಿಸುವುದು ಅದಕ್ಕಿಂತ ಅಪಾಯಕರ. ಖಿನ್ನತೆಯು ಹಸಿವನ್ನೇ ಕೊಲ್ಲುವ ಕಾಯಿಲೆ. ಉಣ್ಣಲಾಗದವನಿಗೆ ಊಟದ ಉಪದೇಶವು ಇನ್ನೊಂದು ಹೊರೆಯಾಗುತ್ತದೆ. ಅಂಥವರನ್ನು ಮೊದಲು ವೈದ್ಯರ ಬಳಿಗೆ ಕರೆದೊಯ್ಯಬೇಕು. ಚೇತರಿಕೆ ಆರಂಭವಾದ ಮೇಲೆ ಒಳ್ಳೆಯ ಊಟವು ಅದಕ್ಕೆ ಬಲ ಕೊಡುತ್ತದೆ.

ಗುರುತಿಸಲು ಎರಡು ಪ್ರಶ್ನೆಗಳು ಸಾಕು. ಕಳೆದ ಎರಡು ವಾರಗಳಲ್ಲಿ ಯಾವ ಕೆಲಸದಲ್ಲಿಯೂ ಆಸಕ್ತಿ, ಸಂತೋಷ ಇಲ್ಲವೆನಿಸಿದೆಯೇ? ಮನಸ್ಸು ಕುಗ್ಗಿ, ಬೇಸರವಾಗಿ, ಭರವಸೆಯೇ ಇಲ್ಲವೆನಿಸಿದೆಯೇ? ಹೆಚ್ಚಿನ ದಿನಗಳಲ್ಲಿ ಹೌದು ಎಂಬ ಉತ್ತರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಬದುಕುವುದೇ ಬೇಡವೆನಿಸಿದೆಯೇ ಎಂದು ಸಮಾಧಾನದಿಂದ ಕೇಳುವುದರಿಂದ ಕೆಟ್ಟದಾಗುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರೇ ಬಿಡಬಾರದು, ಮನೆಯಲ್ಲಿರುವ ಕೀಟನಾಶಕವನ್ನು ಬೇರೆಡೆಗೆ ಸಾಗಿಸಿ ಬೀಗ ಹಾಕಬೇಕು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಸಹಾಯವು ದೂರದಲ್ಲಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಹಳ್ಳಿಯ ಮಟ್ಟದಲ್ಲಿಯೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆಧಾರವಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿಯೇ ಮಾತನಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರ್ಕಾರಿ ಸೇವೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕೆಂದು ಹೇಳಿದೆ.

8. ಗ್ರಾಮ ಪಂಚಾಯತಿಯ ಕೈಯಲ್ಲಿರುವ ಕಾರ್ಯಗಳು

ಕೆಳಗಿನ ಕಾರ್ಯಗಳಿಗೆ ಹೊಸ ಯೋಜನೆ ಬೇಕಿಲ್ಲ. ಇರುವ ವ್ಯವಸ್ಥೆಗಳನ್ನು ಈ ದೃಷ್ಟಿಯಿಂದ ನಡೆಸಿದರೆ ಸಾಕು.

(ಅ) ನೀರು: ಮೇಲ್ಮಟ್ಟದ ತೊಟ್ಟಿಗಳ ಶುಚೀಕರಣ, ಕ್ಲೋರಿನೀಕರಣ ಮತ್ತು ಚರಂಡಿಯ ಸಮೀಪದ ಪೈಪ್ ಸೋರಿಕೆಯ ದುರಸ್ತಿ ಕಾಲಕಾಲಕ್ಕೆ ನಡೆಯಬೇಕು. ಪದೇ ಪದೇ ಭೇದಿಯಾಗುವ ಮಗುವಿನ ಕರುಳು ಎಷ್ಟು ಒಳ್ಳೆಯ ಊಟ ಕೊಟ್ಟರೂ ಅದನ್ನು ಹೀರಿಕೊಳ್ಳಲಾರದು.

(ಆ) ಕೈತೋಟ: ಶಾಲೆ ಮತ್ತು ಅಂಗನವಾಡಿಗಳ ಆವರಣದಲ್ಲಿ ನುಗ್ಗೆ, ಕರಿಬೇವು, ಪಪ್ಪಾಯಿ, ಪುಂಡಿ, ರಾಜಗಿರಿ, ಮೆಂತ್ಯ ಬೆಳೆಸಬೇಕು. ಬಿಸಿಯೂಟದ ಕೈ ತೊಳೆದ ನೀರು ಇವುಗಳಿಗೆ ಸಾಕಾಗುತ್ತದೆ.

(ಇ) ಮಕ್ಕಳ ಊಟ: ಬಿಸಿಯೂಟ, ಅಂಗನವಾಡಿ ಹಾಗೂ ಕೂಸಿನ ಮನೆಗೆ ಭೇಟಿ ನೀಡುವ ಸದಸ್ಯರು ಅಡುಗೆಯ ಪ್ರಮಾಣವನ್ನಷ್ಟೇ ಅಲ್ಲ, ವಾರದಲ್ಲಿ ಎಷ್ಟು ಬಗೆಯ ಸೊಪ್ಪು, ಕಾಳು, ತರಕಾರಿ ಬಳಕೆಯಾಗಿದೆ ಎಂಬುದನ್ನೂ ನೋಡಬೇಕು.

(ಈ) ಸ್ವಸಹಾಯ ಸಂಘಗಳು: ರೊಟ್ಟಿ, ಹಿಂಡಿ, ಚಟ್ನಿ ತಯಾರಿಸುವ ಮಹಿಳಾ ಸಂಘಗಳಿಗೆ ಸಂತೆಯಲ್ಲಿ, ಜಾತ್ರೆಯಲ್ಲಿ, ಪಂಚಾಯತಿಯ ಸಭೆ ಸಮಾರಂಭಗಳಲ್ಲಿ ಆದ್ಯತೆ ನೀಡಬೇಕು. ಸಭೆಗೆ ಬಿಸ್ಕತ್ತಿನ ಪೊಟ್ಟಣದ ಬದಲು ಮಜ್ಜಿಗೆ ಮತ್ತು ಬೇಯಿಸಿದ ಶೇಂಗಾ ಕೊಡುವುದು ಸಣ್ಣ ಆರಂಭ.

(ಉ) ಗುರುತಿಸುವಿಕೆ: ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರೊಂದಿಗೆ ಮೇಲಿನ ಎರಡು ಪ್ರಶ್ನೆಗಳನ್ನು ಚರ್ಚಿಸಬೇಕು. ಬಾಣಂತಿಯರು, ಒಂಟಿ ವೃದ್ಧರು, ಬೆಳೆಹಾನಿಯಾದ ರೈತರು, ವಲಸೆಯಿಂದ ಮರಳಿದವರು ಇವರ ಕಡೆ ಮೊದಲ ಗಮನವಿರಬೇಕು. ಯಾರ ಹೆಸರನ್ನೂ ಸಭೆಯಲ್ಲಿ ಬಹಿರಂಗವಾಗಿ ಉಚ್ಚರಿಸಬಾರದು, ನಡಾವಳಿಯಲ್ಲಿ ಬರೆಯಬಾರದು.

(ಊ) ಗೋಡೆಬರಹ: ಪಂಚಾಯತಿ ಕಚೇರಿ, ಅರಿವು ಕೇಂದ್ರ, ಬಸ್ ನಿಲ್ದಾಣ, ಹಾಲಿನ ಡೇರಿ ಮತ್ತು ಗೊಬ್ಬರದ ಅಂಗಡಿಯ ಬಳಿ 14416 ಸಂಖ್ಯೆಯನ್ನು ದೊಡ್ಡದಾಗಿ ಬರೆಯಿಸಬೇಕು.

9. ಸಭೆಯಲ್ಲಿ ಚರ್ಚೆಗಾಗಿ

1. ತಮ್ಮ ವಾರ್ಡಿನ ಒಂದು ಮನೆಯಲ್ಲಿ ಕಳೆದ ವಾರ ಎಷ್ಟು ಬಗೆಯ ಧಾನ್ಯ, ಕಾಳು, ಸೊಪ್ಪು, ತರಕಾರಿ ಬಳಕೆಯಾದವು? 10 ವರ್ಷಗಳ ಹಿಂದೆ ಎಷ್ಟಿದ್ದವು?

2. ಅಂಗನವಾಡಿಯ ಆವರಣದಲ್ಲಿ ಕೈತೋಟಕ್ಕೆ ಸ್ಥಳವಿದೆಯೇ? ಬೇಲಿ ಮತ್ತು ನೀರಿನ ಹೊಣೆ ಯಾರದು?

3. ಪದೇ ಪದೇ ಹೊಟ್ಟೆನೋವು, ನಿದ್ರಾಹೀನತೆ ಎಂದು ಹೇಳುವವರನ್ನು ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಯಾವ ಅಡ್ಡಿಗಳಿವೆ? ಬಸ್ಸು, ಕೂಲಿ ತಪ್ಪುವ ಭಯ, ಜನ ಏನೆಂದಾರು ಎಂಬ ಸಂಕೋಚ, ಇವುಗಳಲ್ಲಿ ಪಂಚಾಯತಿಯು ಯಾವುದನ್ನು ನಿವಾರಿಸಬಹುದು?

4. ಶಾಲೆಯ ಸಮೀಪದ ಅಂಗಡಿಗಳಲ್ಲಿ ಕುರುಕಲು ಪೊಟ್ಟಣಗಳ ಬದಲು ಶೇಂಗಾ ಚಿಕ್ಕಿ, ಹುರಿಗಡಲೆ, ಪೇರಲ ಮಾರಲು ಅಂಗಡಿಯವರನ್ನು ಹೇಗೆ ಒಪ್ಪಿಸಬಹುದು?

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಮನಸ್ಸಿನ ಆರೋಗ್ಯದ ವಿಷಯದಲ್ಲಿ ಊಟ ಬಲ್ಲವನಿಗೂ ರೋಗ ಬರಬಹುದು. ಆಗ ಅವನಿಗೆ ಬೇಕಾಗುವುದು ಹತ್ತಿರ ಕುಳಿತು ಮಾತನಾಡಿಸುವವರು ಮತ್ತು ಆಸ್ಪತ್ರೆಯವರೆಗೆ ಜೊತೆಯಲ್ಲಿ ಬರುವವರು. ವಾರ್ಡಿನ ಸದಸ್ಯರು ಆ ಇಬ್ಬರಲ್ಲಿ ಒಬ್ಬರಾಗಬಹುದು.

ಈ ಪಾಠವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ಓದಿ, ಮೇಲಿನ ಪ್ರಶ್ನೆಗಳ ಮೇಲೆ ಚರ್ಚಿಸಿ, ಕೈಗೊಂಡ ತೀರ್ಮಾನಗಳನ್ನು ನಡಾವಳಿಯಲ್ಲಿ ದಾಖಲಿಸುವುದು.